ತೂಬಿನ ಕೆಳಗಿನ ಹೂಳು

ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಠಾಣೆಗೆ ಬಂದ ದೂರು ಬಕೆಟ್ಟಿನಲ್ಲಿತ್ತು. ಊರಂಚಿನ ಕೊಳದಲ್ಲಿ ಮೀನು ಸಾಕುವ, ಎಲ್ಲರೂ ಕೊಳದಕ್ಕ ಎಂದು ಕರೆಯುವ ಹೆಂಗಸು ಮುಂದೆ. ಸತ್ತ ಮೀನು ತುಂಬಿದ ಬಕೆಟ್ ಹಿಡಿದ ಅವಳ ತಮ್ಮ ಹಿಂದೆ. ರಾತ್ರಿಪಾಳಿ ಮುಗಿಸಿ ಹೊರಟಿದ್ದ ಇನ್ಸ್‌ಪೆಕ್ಟರ್ ನಿಟ್ಟುಸಿರಿಟ್ಟು ಟೋಪಿಯನ್ನು ಮತ್ತೆ ತಲೆಗೇರಿಸಿದರು.

"ಒಂದೂ ಉಳಿದಿಲ್ಲ ಸಾರ್. ಕಾಲುವೆಗೆ ಯಾರೋ ವಿಷ ಸುರಿದಿದ್ದಾರೆ. ಯಾರೇ ಆಗಿರ್ಲಿ, ಬಿಡಬೇಡಿ."

"ಯಾರ ಮೇಲಾದ್ರೂ ಅನುಮಾನ?"

"ನಾನು ಯಾರಿಗೇನು ಮಾಡಿದ್ದೀನಿ ಸಾರ್?"

ತಮ್ಮನ ಜೇಬಿನಲ್ಲಿ ಫೋನಿನ ಅಲಾರಂ ಹೊಡೆದುಕೊಂಡಿತು. "ಅಮ್ಮನ್ನ ಮಗ್ಗುಲು ಬದಲಾಯಿಸೋ ಹೊತ್ತು," ಎಂದು ಅವನು ಓಡಿದ. ತಾಯಿ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಆಗಾಗ ಹೊರಳಿಸದಿದ್ದರೆ ಬೆನ್ನೆಲ್ಲ ಹುಣ್ಣು. ಅದೆಲ್ಲ ತಮ್ಮನದೇ ಕೆಲಸ, ಊರೊಳಗೆ ಸಾಮಾನು ಗಾಡಿ ಓಡಿಸುತ್ತ ನಡುನಡುವೆ ಮನೆಗೆ ಬರುತ್ತಾನೆ, ತನಗೆ ಕೊಳ ಬಿಟ್ಟರೆ ಬೇರೇನೂ ಬಾರದು ಎಂದಳು ಅಕ್ಕ.

ಎಫ್‌ಐಆರ್ ದಾಖಲಾಯಿತು. ಇಂಥ ಕೇಸೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ನೀರು ಕಟಕಟೆ ಹತ್ತಿ ಸಾಕ್ಷಿ ಹೇಳುವುದಿಲ್ಲ, ತನ್ನ ಪಾಡಿಗೆ ಹರಿದು ಹೋಗುತ್ತದೆ.

ಹತ್ತು ಗಂಟೆಗೆ ಸ್ಥಳ ಪಂಚನಾಮೆ. ಕಾಲುವೆಯ ನೀರು ಕೊಳಕ್ಕೆ ಬರುವುದು ಒಂದು ಸಣ್ಣ ತೂಬಿನಿಂದ. ಆ ತೂಬನ್ನು ದಾಟಿ, ನೀರು ಹರಿದು ಹೋಗುವ ಕಡೆಗೆ, ದಡದ ಮುಳ್ಳುಪೊದೆಯೊಂದು ಸುಟ್ಟು ಕರಕಾಗಿತ್ತು. ದಫೇದಾರ ಅಲ್ಲಿ ಕೆಸರಿಗಿಳಿದು ಡಬ್ಬಿಗೆ ಹೂಳು ತುಂಬತೊಡಗಿದ.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ ಸಾರ್. ನಂಗೆ ಮೀಸೆವರೆಗೂ ಕೆಸರೇ."

ಹೇಳುತ್ತಿದ್ದಂತೆಯೇ ಅವನ ಸೊಂಟದ ಬೀಗದಕೈ ಗೊಂಚಲು ಜಾರಿ ಬಿತ್ತು. ಎತ್ತಿದರೆ ಕೀಲಿಗಳಿಗೆಲ್ಲ ಕಪ್ಪು ಗಡ್ಡ ಬೆಳೆದಿತ್ತು. ಒರೆಸಿದರೂ ಬಿಡಲಿಲ್ಲ.

"ಅಯಸ್ಕಾಂತದ ಪುಡಿ," ಎಂದರು ಇನ್ಸ್‌ಪೆಕ್ಟರ್. ಹಳೇ ಕಂಪ್ಯೂಟರ್, ಸ್ಪೀಕರುಗಳ ಅಯಸ್ಕಾಂತ ಪುಡಿಮಾಡಿ, ಆಸಿಡ್ಡಿಗೆ ಹಾಕಿ ಲೋಹ ತೆಗೆಯುವ ಶೆಡ್ಡು ಊರಿಗೆ ಒಂದೇ ಇತ್ತು.

ಆದರೆ ತೂಬಿನ ಕೆಳಗೆ ಸುರಿದದ್ದು ಮೇಲೆ ಹೇಗೆ ಹೋಯಿತು? ಕಾಲುವೆ ನೋಡಿಕೊಳ್ಳುವ ನೀರುಗಂಟಿಯನ್ನು ಕರೆಸಿದರು.

"ನಿನ್ನೆ ಬೆಳಿಗ್ಗೆ ಕೆಳಗಿನ ಗೇಟು ಮುಚ್ಚಿದ್ದೆ ಸಾರ್. ಜಾಲರಿ ಕಿತ್ತೋಗಿತ್ತು, ರಿಪೇರಿಗೆ."

"ಮುಚ್ಚಿದ್ರೆ?"

"ನೀರು ಹಿಂದಕ್ಕೆ ಒತ್ತುತ್ತೆ. ತೂಬಿನೊಳಗೂ ನುಗ್ಗುತ್ತೆ."

ಇನ್ಸ್‌ಪೆಕ್ಟರ್ ದಡದ ಕಲ್ಲಿನ ಮೇಲೆ ಕೂತರು. ಮೇಲ್ಗಡೆ ಸೇತುವೆಯಿದೆ; ಗಾಡಿಯನ್ನು ನೀರಿನ ತನಕ ಹಿಂದಕ್ಕೆ ತಂದು ಡ್ರಮ್ಮು ಬಗ್ಗಿಸಿದರೆ ಮುಗಿಯಿತು. ಈ ಮಹಾರಾಯ ಸೇತುವೆ ಬಿಟ್ಟು, ತೂಬನ್ನೂ ದಾಟಿ, ಡ್ರಮ್ಮುಗಳನ್ನು ಮುಳ್ಳಿನಲ್ಲಿ ಹೊತ್ತು ತಂದಿದ್ದಾನೆ.

"ವಿಷ ಸುರಿಯೋನಿಗೆ ಈ ಕೊಳದ ಮೇಲೆ ಇಷ್ಟು ಕಾಳಜಿ ಯಾಕಯ್ಯಾ?"

ದಫೇದಾರ ಕೀಲಿಗಳನ್ನು ಒರೆಸುವುದನ್ನು ನಿಲ್ಲಿಸಿದ. ಇಬ್ಬರಿಗೂ ಹೊಳೆದ ಉತ್ತರ ಇಬ್ಬರಿಗೂ ಬೇಡವಾಗಿತ್ತು.

ಗುರುವಾರ ಪ್ರಯೋಗಾಲಯದ ವರದಿ ಬಂತು. ಕಾಲುವೆಯ ಹೂಳಿನಲ್ಲಿ ನಿಯೋಡಿಮಿಯಂ, ಡಿಸ್ಪ್ರೋಸಿಯಂ ಎಂಬ ಅಪರೂಪದ ಭೂಲೋಹಗಳು. ಕೊಳದ ತಳದಲ್ಲೂ ಅವೇ. "ಮೀನು ಸತ್ತಿದ್ದು ಆಸಿಡ್ಡಿಗೆ, ಅದು ತೊಳೆದು ಹೋಗುತ್ತೆ," ಎಂದರು ಪ್ರಯೋಗಾಲಯದವರು ಫೋನಿನಲ್ಲಿ. "ಲೋಹ ಹೂಳು ಬಿಟ್ಟು ಹೋಗಲ್ಲ. ಹೂಳೆಲ್ಲ ತೆಗೆದು ಮತ್ತೆ ಪರೀಕ್ಷೆ ಆಗೋವರೆಗೂ ಮೀನು ಬಿಡೋ ಹಾಗಿಲ್ಲ."

ಶೆಡ್ಡಿನ ಮಾಲೀಕ ಪೊಲೀಸ್ ಜೀಪು ನಿಲ್ಲುವ ಮೊದಲೇ "ನಾವೇನೂ ಸುರಿದಿಲ್ಲ" ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ.

"ಕೊಳಕು ಆಸಿಡ್ ಎಲ್ಲಿಗೆ ಹೋಗುತ್ತೆ?"

"ತ್ಯಾಜ್ಯ ಘಟಕಕ್ಕೆ ಸಾರ್. ಹೋಗಿ ಬರೋಕೆ ಒಂದಿಡೀ ದಿನ."

"ಗಾಡಿ ಎಷ್ಟು ಹೊತ್ತಿಗೆ ವಾಪಸ್ ಬರುತ್ತೆ?"

"...ಮಧ್ಯಾಹ್ನಕ್ಕೇ."

"ಹೇಗೆ ಅಂತ ಕೇಳಲಿಲ್ವಾ?"

ಘಟಕಕ್ಕೆ ಫೋನು ಮಾಡಿದರೆ, ಆ ಗಾಡಿ ಬಂದು ಎರಡು ವರ್ಷವಾಯಿತು ಎಂದರು. ಹೊರಗೆ ನಿಂತಿದ್ದ ಗಾಡಿಯ ಹಿಂಬದಿಯ ಕಬ್ಬಿಣದ ಅಂಚಿಗೂ ಅದೇ ಕಪ್ಪು ಗಡ್ಡ.

"ಡ್ರೈವರ್ ಯಾರು?" ಉತ್ತರ ಗೊತ್ತಿದ್ದೇ ಇನ್ಸ್‌ಪೆಕ್ಟರ್ ಕೇಳಿದರು. ಕೇಸು ಬಗೆಹರಿದಾಗ ಆಗಬೇಕಾದ ಸಮಾಧಾನ ಆಗಲಿಲ್ಲ.

"ಕೊಳದಕ್ಕನ ತಮ್ಮ."

ಅವನು ಮನೆಯಲ್ಲೇ ಇದ್ದ, ತಾಯಿಯ ಬೆನ್ನಿಗೆ ಪೌಡರ್ ಹಚ್ಚುತ್ತಿದ್ದ. ಪೊಲೀಸರನ್ನು ಕಂಡು ಓಡಲಿಲ್ಲ. ತಾಯಿಗೆ ಹೊದಿಕೆ ಹೊದಿಸಿ, ಕೈ ತೊಳೆದು ಬಂದ.

"ಭಾನುವಾರ ಸುರಿದಿದ್ದು ನೀನೇನಾ?"

"ಹೌದು ಸಾರ್."

"ಘಟಕಕ್ಕೆ ಯಾಕೆ ಹೋಗಲಿಲ್ಲ?"

"ಹೋದ್ರೆ ಬರೋದು ಕತ್ತಲಾದ್ಮೇಲೆ. ಅಮ್ಮನ್ನ ಯಾರು ಹೊರಳಿಸ್ತಾರೆ? ಅಕ್ಕ ಬಂದು ಕೂತ್ರೆ ಕೊಳ ಯಾರು ನೋಡ್ತಾರೆ?" ಅವನ ದನಿ ಸೋತಿತ್ತು. "ತೂಬು ದಾಟಿಸೇ ಸುರೀತಿದ್ದೆ ಸಾರ್. ಯಾವತ್ತೂ ದಾಟಿಸೇ. ಗೇಟು ಮುಚ್ಚಿರೋದು ಗೊತ್ತಿರಲಿಲ್ಲ."

"ಕೆಳಗಡೆ ಊರುಗಳಿವೆಯಲ್ಲೋ?"

ಅವನು ತಿರುಗಿ ತಾಯಿಯ ಹಾಸಿಗೆಯ ಕಡೆ ನೋಡಿದ.

ಬಾಗಿಲಲ್ಲಿ ಕೊಳದಕ್ಕ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ. "ಸಾರ್, ದೂರು ವಾಪಸ್ ತಗೋತೀನಿ."

"ಆಗಲ್ಲಮ್ಮ. ಈಗ ಅದು ನಿಮ್ಮ ದೂರಲ್ಲ."

ಸಂಜೆ ನಾಲ್ಕಕ್ಕೆ ಬಂಧನ. ಎರಡನೇ ಆರೋಪಿಯಾಗಿ ಮಾಲೀಕನ ಹೆಸರೂ ಸೇರಿತು. ಗಾಡಿ, ಎರಡು ಡ್ರಮ್ಮು, ಒಂದು ಫೋನು ಜಪ್ತಿಯಾದವು.

ಆರು ಗಂಟೆಗೆ ಠಾಣೆಯ ಮೇಜಿನ ಮೇಲೆ, ಅರಗು ಇನ್ನೂ ಆರದ ಲಕೋಟೆಯೊಳಗೆ, ಅಲಾರಂ ಹೊಡೆದುಕೊಳ್ಳತೊಡಗಿತು. ಸೀಲಾದದ್ದನ್ನು ಬಿಚ್ಚುವಂತಿಲ್ಲ. ಎಲ್ಲರೂ ಕೆಲಸ ನಿಲ್ಲಿಸಿ, ಅದು ತಾನಾಗಿ ಸುಮ್ಮನಾಗುವವರೆಗೆ ಕಾದರು.

"ಸಾರ್," ಲಾಕಪ್ಪಿನಿಂದ ದನಿ ಬಂತು. "ಅಕ್ಕನಿಗೆ ಹೇಳಿ, ಈ ಸಲ ಎಡಗಡೆಗೆ."

ಇನ್ಸ್‌ಪೆಕ್ಟರ್ ತಮ್ಮ ಫೋನಿನಿಂದಲೇ ಕೊಳದಕ್ಕನಿಗೆ ಕರೆ ಮಾಡಿದರು. ಈ ಸಲ ಎಡಗಡೆಗಂತೆ, ಎಂದರು.

"ಕೈ ಎಲ್ಲಿ ಕೊಡೋದು ಅಂತ ಕೇಳಿ ಸಾರ್," ಎಂದಳು. "ನಂಗೆ ಗೊತ್ತಿಲ್ಲ."

ಇನ್ಸ್‌ಪೆಕ್ಟರ್ ಕುರ್ಚಿಯಿಂದೆದ್ದು ಲಾಕಪ್ಪಿನ ಸರಳುಗಳ ಬಳಿ ಹೋಗಿ ನಿಂತರು. ಅವನು ಹೇಳುತ್ತ ಹೋದ, ಇವರು ಫೋನಿಗೆ ಒಪ್ಪಿಸುತ್ತ ಹೋದರು:

"ಒಂದು ಕೈ ಭುಜದ ಕೆಳಗಂತೆ. ಇನ್ನೊಂದು ಸೊಂಟದ ಕೆಳಗೆ. ಎಳೀಬೇಡಿ... ನಿಧಾನಕ್ಕೆ, ನಿಮ್ಮ ಕಡೆಗೆ ಹೊರಳಿಸ್ಕೊಳ್ಳಿ."