ಕ್ಯಾಸೆಟ್ಟಿನ ಬೆನ್ನಿನ ಮೇಲಿನ ಹೆಸರು

ಆ ಕ್ಯಾಸೆಟ್ಟಿನಲ್ಲಿ ಅರ್ಧ ತನ್ನದು ಎಂಬ ಮಾತನ್ನು ಯಸುನೊರಿ ಹದಿನಾಲ್ಕು ವರ್ಷಗಳಿಂದ ಯಾರಿಗೂ ಹೇಳಿರಲಿಲ್ಲ. ಮರೆತೂ ಇರಲಿಲ್ಲ. ಆರನೇ ಕ್ಲಾಸಿನಲ್ಲಿದ್ದಾಗ, ಹೊಸವರ್ಷಕ್ಕೆ ಹಿರಿಯರು ಕೊಟ್ಟ ಕಾಸನ್ನು ಅವನೂ ಶಿಗೇಕಿಯೂ ಒಟ್ಟು ಹಾಕಿ ‘ಏಳು ಗಂಟೆಗಳ ಕೋಟೆ’ ಎಂಬ ವಿಡಿಯೋ ಆಟದ ಕ್ಯಾಸೆಟ್ಟನ್ನು ಕೊಂಡಿದ್ದರು. ಅದು ಬಿಡುಗಡೆಯಾದ ದಿನ, ಫೆಬ್ರವರಿಯ ಚಳಿಯಲ್ಲಿ ಅಂಗಡಿ ತೆರೆಯುವ ಮೊದಲೇ ಸಾಲಿನಲ್ಲಿ ನಿಂತವನು ಯಸುನೊರಿ. ಕ್ಯಾಸೆಟ್ಟಿನ ಬೆನ್ನಿಗೆ ಕಪ್ಪು ಮಾರ್ಕರಿನಲ್ಲಿ ದಪ್ಪಗೆ ತನ್ನ ಹೆಸರು ಬರೆದುಕೊಂಡವನು ಶಿಗೇಕಿ. ಒಸಾಕಾದ ಹುಡುಗರಲ್ಲಿ ಅದೇ ಕಾನೂನು, ಹೆಸರು ಯಾರದೋ ಕ್ಯಾಸೆಟ್ಟು ಅವರದು. ಯಸುನೊರಿ ಮಾತು ಬಿಟ್ಟ. ಮೂರು ತಿಂಗಳು ಅಮ್ಮನ ಪ್ರಾಣ ಹಿಂಡಿ ಅದೇ ಆಟವನ್ನು ತನಗೆಂದೇ ಕೊಡಿಸಿಕೊಂಡು ಒಬ್ಬನೇ ಆಡಿದ. ಅದೇ ವರ್ಷದ ಅಕ್ಟೋಬರಿನಲ್ಲಿ ಶಿಗೇಕಿ ರಕ್ತದ ಕಾಯಿಲೆಯಿಂದ ತೀರಿಕೊಂಡ. ಯಸುನೊರಿ ಆಸ್ಪತ್ರೆಗೆ ಒಮ್ಮೆಯೂ ಹೋಗಿರಲಿಲ್ಲ.

ಈಗ ಅವನು ಒಸಾಕಾದ ನಿಪ್ಪೊಂಬಾಶಿ ಪೇಟೆಯ ಹಳೆ ಆಟಗಳ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬಾಡಿಗೆ ಕೋಣೆಯ ಗೋಡೆ ತುಂಬ, ಟೀವಿಗೆ ಜೋಡಿಸಿ ಆಡುವ ಫ್ಯಾಮಿಕಾಮ್ ಯಂತ್ರದ ಕ್ಯಾಸೆಟ್ಟುಗಳು, ಒಂದೇ ಒಂದು ಗೂಡು ಖಾಲಿ. ‘ಏಳು ಗಂಟೆಗಳ ಕೋಟೆ’ಯ ಮೊದಲ ದಿನದ ಕ್ಯಾಸೆಟ್ಟುಗಳಲ್ಲಿ ಮಾತ್ರ, ಮಂಜಿನ ಗುಹೆಯ ಗೋಡೆಯನ್ನು ತೂರಿ ಹೋದರೆ ಒಂದು ಗುಟ್ಟಿನ ಕೋಣೆ ಸಿಗುತ್ತಿತ್ತು. ಆಮೇಲೆ ಮಾಡಿದವುಗಳಲ್ಲಿ ಅದನ್ನು ಮುಚ್ಚಿಬಿಟ್ಟಿದ್ದರು. ಆ ಕೋಣೆಯನ್ನು ಅವನು ನೋಡಿದ್ದು ಒಂದೇ ಸಲ, ಶಿಗೇಕಿಯ ಭುಜಕ್ಕೆ ಭುಜ ತಾಗಿಸಿ ಕೂತು.

ಶಿಗೇಕಿಯ ಕ್ಯಾಸೆಟ್ಟು ಈಗಲೂ ಅವನ ಮನೆಯ ಪೂಜೆಯ ಗೂಡಿನಲ್ಲೇ ಇದೆ ಎಂದು ಕೇಳಿದ್ದ. ಅವನ ತಾಯಿಯನ್ನು ಕೇಳಬಹುದಿತ್ತು. ಆದರೆ ಸಾಯುವ ಗೆಳೆಯನನ್ನು ನೋಡಲು ಬಾರದವನು ಯಾವ ಮುಖ ಹೊತ್ತು ಕೇಳುವುದು? ಕೇಳಲು ಇಲ್ಲದ ಮುಖ ಕದಿಯಲು ಹೇಗೆ ಬಂತು ಎಂದು ಅವನು ಯೋಚಿಸಲಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಉಪಾಯ ಹಾಗಿತ್ತು. ಕ್ಯಾಸೆಟ್ಟನ್ನೇ ಎತ್ತಿದರೆ ಜಾಗ ಖಾಲಿ ಕಾಣುತ್ತದೆ. ಬೇರೆಯದನ್ನಿಟ್ಟರೆ ಮಗನ ಕೈಬರಹ ಇರುವುದಿಲ್ಲ. ಹಾಗಾಗಿ ಹೊರಗಿನ ಚಿಪ್ಪು ಅಲ್ಲೇ ಇರಲಿ, ಆಟವನ್ನು ಹೊತ್ತ ಒಳಗಿನ ಸರ್ಕ್ಯೂಟ್ ಹಲಗೆಯಷ್ಟೇ ಬದಲಾಗಲಿ. ಚಿಪ್ಪಿಗೆ ಸ್ಕ್ರೂ ಇಲ್ಲ, ಪ್ಲಾಸ್ಟಿಕ್ಕಿನ ಕೊಕ್ಕೆಗಳು ಮಾತ್ರ. ಅಂಗಡಿಯ ಗುಜರಿ ಕ್ಯಾಸೆಟ್ಟುಗಳ ಮೇಲೆ ಅಭ್ಯಾಸ ಮಾಡಿ, ಗೀರು ಬೀಳದಂತೆ ಒಂದೇ ನಿಮಿಷದಲ್ಲಿ ಬಿಚ್ಚಿ ಮುಚ್ಚುವಷ್ಟು ಕೈ ಪಳಗಿತು. ಬದಲಿ ಹಲಗೆಯನ್ನು ತನ್ನ ಅಂಗಡಿಯಲ್ಲಿ ಕೊಳ್ಳಲಿಲ್ಲ. ಕೊಂಡರೆ ಪುಸ್ತಕದಲ್ಲಿ ಹೆಸರು ಉಳಿಯುತ್ತದೆ. ತನ್ನ ಬಾಲ್ಯದ ಕ್ಯಾಸೆಟ್ಟಿನದನ್ನೇ ತೆಗೆದ. ಅದರ ಚಿಪ್ಪಿನ ಮೇಲಿದ್ದ ತನ್ನ ಹೆಸರನ್ನು ಎಂದೋ ಸ್ಪಿರಿಟ್ಟಿನಿಂದ ಉಜ್ಜಿ ತೆಗೆದಿದ್ದ. ಹಲಗೆಯನ್ನು ಒಮ್ಮೆ ಹಾಕಿ ನೋಡಿದ. ಗಂಟೆಗಳ ಸಂಗೀತ ಸರಿಯಾಗಿ ಬಂತು, ಅಲ್ಲಿಗೇ ಆರಿಸಿದ.

ಅಕ್ಟೋಬರ್ ಹದಿನೇಳು, ಶಿಗೇಕಿ ಹೋದ ದಿನ. ಬಂದದ್ದೇಕೆಂದು ಯಾರೂ ಕೇಳದ ದಿನವೂ ಹೌದು.

“ಯಸು ಅಲ್ವೇನೋ!” ಬಾಗಿಲು ತೆಗೆದ ಶಿಗೇಕಿಯ ತಾಯಿ ಅವನ ತೋಳು ಹಿಡಿದುಕೊಂಡೇ ನಿಂತರು. “ಎಷ್ಟು ಎತ್ತರ ಆಗ್ಬಿಟ್ಟಿದೀಯ. ಒಳಗೆ ಬಾ, ಅವನಿಗೊಂದು ಊದುಬತ್ತಿ ಹಚ್ಚು.”

ಪೂಜೆಯ ಗೂಡಿನಲ್ಲಿ ಶಿಗೇಕಿಯ ಫೋಟೋ, ಅದರ ಮುಂದೆ ಒಂದು ಬಟ್ಟಲು ಅನ್ನ, ಪಕ್ಕದಲ್ಲಿ ಕ್ಯಾಸೆಟ್ಟು. ಎದುರಿಗೆ ಹಳೆಯ ಟೀವಿ, ಅದರಡಿಯಲ್ಲಿ ಫ್ಯಾಮಿಕಾಮ್. ಯಸುನೊರಿ ಗಂಟೆ ಬಾರಿಸಿ ಕೈಮುಗಿದ.

“ಕಾಕಿ ಹಣ್ಣು ಹೆಚ್ಕೊಂಡ್ ಬರ್ತೀನಿ ಇರು,” ಎಂದು ತಾಯಿ ಅಡುಗೆಮನೆಗೆ ಹೋದರು.

ಮಣೆಯ ಮೇಲೆ ಚಾಕುವಿನ ಸದ್ದು ಕೇಳುತ್ತಿರುವಷ್ಟು ಹೊತ್ತು ಸಾಕಾಗಿತ್ತು. ಕೊಕ್ಕೆಗಳು ಬಿಟ್ಟುಕೊಂಡವು. ತನ್ನದು ಒಳಗೆ, ಅವನದು ಕೋಟಿನ ಜೇಬಿಗೆ. ಫೋಟೋದ ಕಡೆ ನೋಡಬಾರದು ಅಂದುಕೊಂಡಿದ್ದ, ನೋಡಿಬಿಟ್ಟ. ಹನ್ನೆರಡರ ಹುಡುಗ ಎಂದಿನಂತೆ ನಗುತ್ತಿದ್ದ. ಯಸುನೊರಿ ಕ್ಯಾಸೆಟ್ಟನ್ನು ಇದ್ದಲ್ಲೇ ಇಟ್ಟು ಹಿಂದೆ ಸರಿದು ಕೂತ.

ತಾಯಿ ತಟ್ಟೆ ತಂದಿಟ್ಟು ಎದುರಿಗೆ ಕೂತರು. “ನಿನ್ನ ಹತ್ರ ಒಂದು ತಪ್ಪು ಒಪ್ಪಿಕೋಬೇಕು ಕಣೋ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ತಪ್ಪು ಎಂಬ ಮಾತಿಗೇ ಅವನು ಬೆಚ್ಚಿದ.

“ಆ ಕ್ಯಾಸೆಟ್ಟು ನಿಂದೇ. ಯಸು ಬಂದ್ರೆ ಕೊಡಮ್ಮ, ಅರ್ಧ ದುಡ್ಡು ಅವನ್ದೂ ಇತ್ತು, ಪಾಪ ಚಳೀಲಿ ನಿಂತಿದ್ದ ಅಂತ ಆಸ್ಪತ್ರೇಲಿ ದಿನಾ ಹೇಳ್ತಿದ್ದ. ನೀನು ಬರ್ಲಿಲ್ಲ. ಆಮೇಲೆ ಕರೆದು ಕೊಡೋದಕ್ಕೆ ನಂಗೇ ಮನಸ್ಸು ಬರ್ಲಿಲ್ಲ. ಹದಿನಾಲ್ಕು ವರ್ಷ ನಿನ್ನ ಸ್ವತ್ತು ಇಟ್ಕೊಂಡು ಕೂತೆ. ಕ್ಷಮಿಸ್ಬಿಡಪ್ಪ.”

“ಅಯ್ಯೋ, ಬೇಡಮ್ಮ, ಹಂಗೆಲ್ಲ ಹೇಳ್ಬೇಡಿ,” ಎಂದ. ಹೇಗಾದರೂ ಆ ತಾಯಿಯನ್ನು ಇನ್ನೊಮ್ಮೆ ಒಳಗೆ ಕಳಿಸಿ ಹಲಗೆಯನ್ನು ಅದರ ಜಾಗಕ್ಕೆ ಸೇರಿಸಿಬಿಡಬೇಕು. “ಸ್ವಲ್ಪ ಚಹಾ ಸಿಗುತ್ತಾ?”

“ಕೊಡ್ತೀನಿ, ಮೊದ್ಲು ಇದನ್ನ ನೋಡು. ಯಾಕೆ ಕೊಡ್ಲಿಲ್ಲ ಅಂತ ಗೊತ್ತಾಗುತ್ತೆ.” ತಾಯಿ ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಫ್ಯಾಮಿಕಾಮಿಗೆ ಕೂರಿಸಿದರು. “ಆಡೋಕೆ ನಂಗೆಲ್ಲಿ ಬರುತ್ತೆ. ಆದ್ರೆ ಅವನು ಎಲ್ಲೀವರೆಗೆ ಆಡಿದ್ನೋ, ಅದು ಇದರಲ್ಲೇ ಉಳಿದಿದೆ, ಅವನ ಹೆಸರು ಸಮೇತ. ಪ್ರತಿ ತಿಂಗಳು ಹದಿನೇಳಕ್ಕೆ ಹಚ್ಚಿ, ಹೆಸರು ನೋಡಿ, ಅವನು ಹೇಳಿಕೊಟ್ಟ ಹಾಗೇ ರೀಸೆಟ್ ಒತ್ತಿ ಹಿಡ್ಕೊಂಡು ಆರಿಸ್ತೀನಿ.”

ಹಲಗೆಯ ಮೇಲಿನ ಪುಟ್ಟ ಸೆಲ್ಲು ಐದು ವರ್ಷಕ್ಕೆ ಸಾಯುತ್ತದೆ, ಉಳಿಸಿದ್ದೆಲ್ಲ ಅಳಿಸಿಹೋಗುತ್ತದೆ ಎಂದು ಯಸುನೊರಿ ದಿನವೂ ಗಿರಾಕಿಗಳಿಗೆ ಹೇಳುತ್ತಿದ್ದ. ಹೇಳಿ ಹೇಳಿ ತಾನೂ ನಂಬಿದ್ದ, ಆದ್ದರಿಂದಲೇ ಸಂಗೀತದಾಚೆಗೆ ನೋಡಿರಲಿಲ್ಲ. ತನ್ನದಾದರೂ ಸತ್ತಿರಲಿ ದೇವರೇ ಎಂದು ಬೇಡಿಕೊಂಡ. ಗಂಟೆಗಳ ಸಂಗೀತ ಮುಗಿಯಿತು, ತಾಯಿ ಗುಂಡಿ ಒತ್ತಿದರು. ಕಪ್ಪು ಪರದೆಯ ಮೇಲೆ ಬಿಳಿಯ ನಾಲ್ಕು ಅಕ್ಷರ ಮೂಡಿದವು: ಯಸುನೊರಿ. ತಾಯಿ ಕನ್ನಡಕ ಸರಿಮಾಡಿಕೊಂಡು ಮತ್ತೆ ಓದಿದರು. “ಇದು ನಿನ್ನ ಹೆಸರಲ್ವೇನೋ ಯಸು,” ಎಂದರು, ಮೆಲ್ಲಗೆ. “ನಮ್ಮ ಶಿಗೇಕಿ ಎಲ್ಲಿ?” ಅವನ ಕೈ ತಾನಾಗಿಯೇ ಕೋಟಿನ ಜೇಬಿಗೆ ಹೋಯಿತು. ತಾಯಿಯ ಕಣ್ಣು ಆ ಕೈಯನ್ನೇ ನೋಡುತ್ತಿತ್ತು.