ನಿನ್ನ ಜಾಗದಲ್ಲಿ

ಮೊದಲ ದಿನವೇ ಆ ಮನುಷ್ಯ ಮೇಜಿನ ಆಚೆಯಿಂದ ನನಗೆ ಮುತ್ತು ಕಳಿಸಿದ.

ತುಟಿ ಮುಂದೆ ಚಾಚಿ, ಸದ್ದಿಲ್ಲದೆ. ಆಮೇಲೆ ಏನೂ ಆಗದವನ ಹಾಗೆ ಕೈಯಲ್ಲಿದ್ದ ಆಟದ ಎಲೆಗಳನ್ನು ಜೋಡಿಸಿಕೊಂಡ. ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಗೋಡೆ, ಗೋಡೆಯ ತುಂಬ ಆಟದ ಡಬ್ಬಿಗಳು, ಅಷ್ಟೆ. ಮತ್ತೆ ಮುಂದೆ ನೋಡಿದರೆ ಈಗ ಹುಬ್ಬು ಹಾರಿಸುತ್ತಿದ್ದ. ಸ್ವಲ್ಪ ಹೊತ್ತಿಗೆ ಕೆಳತುಟಿ ಕಚ್ಚಿದ.

ಬೇರೆ ಕಾಲವಾಗಿದ್ದರೆ ಎದ್ದು ಬಂದುಬಿಡುತ್ತಿದ್ದೆನೇನೋ. ಆ ವರ್ಷ ನನಗೆ ಯಾವುದೂ ತಟ್ಟುತ್ತಿರಲಿಲ್ಲ. ಅಕ್ಕ ಒರ್ತೆನ್ಸಿಯಾ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಹುಟ್ಟಿದಂದಿನಿಂದ ಒಂದೇ ಸೂರಿನಡಿ ಇದ್ದವರು ನಾವು. ಇಬ್ಬರೂ ಮದುವೆಯಾಗಲಿಲ್ಲ. ಕೆಕೆನ್ ಬಂದರಿನ ಶೆಡ್ಡಿನಲ್ಲಿ ಅಕ್ಕಪಕ್ಕ ನಿಂತು ಮೀನು ಸೀಳಿದವರು, ಸಂಜೆ ಅಕ್ಕಪಕ್ಕ ಕೂತು ಬಟ್ಟೆ ಹೊಲಿದವರು. ಅವಳನ್ನು ಮಣ್ಣು ಮಾಡಿ ಬಂದ ದಿನ ನಾನು ಅಳಲಿಲ್ಲ. ಮನೆಗೆ ಬಂದು ಪಾತ್ರೆ ತೊಳೆದೆ. ಆಮೇಲೂ ಅಳು ಬರಲಿಲ್ಲ. ಐಸಿನಲ್ಲಿ ಕೈಯಿಟ್ಟು ಕೆಲಸ ಮಾಡುವಾಗ ಮೊದಲು ನೋಯುತ್ತದೆ, ಆಮೇಲೆ ಉರಿಯುತ್ತದೆ, ಆಮೇಲೆ ಏನೂ ಇಲ್ಲ. ನಾನು ಆ ಏನೂ ಇಲ್ಲದ ಕಡೆಗೆ ಬಂದು ನಿಂತಿದ್ದೆ.

ಆಟಕ್ಕೆ ಕೂತದ್ದೂ ಹಾಗೆಯೇ. ಬೀದಿಯ ತುದಿಯಲ್ಲಿ ಆಟದ ಅಂಗಡಿ ಇಟ್ಟಿದ್ದ ರೊಮಿನಾ, ಬಿಲ್ಲೆಗಳನ್ನು ತುಂಬಿಡಲು ಬಟ್ಟೆಯ ಚೀಲ ಹೊಲಿದುಕೊಡಿ ಎಂದಿದ್ದಳು. ಕೊಡಲು ಹೋದ ಶನಿವಾರ ಮಧ್ಯಾಹ್ನ ಅಲ್ಲಿ ಒಬ್ಬ ಆಟಗಾರ ಕಡಿಮೆಯಾಗಿದ್ದ.

"ಕೂತ್ಕೊಳ್ಳಿ ದೊನ್ಯಾ ಒತೀಲಿಯಾ," ಅಂದಳು, ಹಿರಿಯ ಹೆಂಗಸರನ್ನು ನಮ್ಮ ಕಡೆ ಗೌರವದಿಂದ ಕರೆಯುವಂತೆ. "ಹೆದರ್ಕೋಬೇಡಿ. ಗೆದ್ರೂ ಸೋತ್ರೂ ಎಲ್ಲರೂ ಒಟ್ಟಿಗೇ. ಇಲ್ಲಿ ಯಾರ ವಿರುದ್ಧಾನೂ ಯಾರೂ ಆಡಲ್ಲ."

"ಮತ್ತೆ ಯಾರ ವಿರುದ್ಧ ಆಡ್ತೀರಿ?"

"ದೆವ್ವದ ವಿರುದ್ಧ."

ಕೂತೆ. ಮನೆಗೆ ಹೋಗಿ ಮಾಡುವುದಾದರೂ ಏನಿತ್ತು?

ಆಟ ಮುಗಿದ ಮೇಲೆ ರೊಮಿನಾಳನ್ನು ಪಕ್ಕಕ್ಕೆ ಕರೆದು ಕೇಳಿದೆ, "ಆ ಯಜಮಾನರಿಗೆ ಮುಖದ ನರದ ಕಾಯಿಲೆ ಏನಾದ್ರೂ ಇದೆಯಾ?"

ಅವಳು ನಕ್ಕ ನಗುವಿಗೆ ಇಡೀ ಅಂಗಡಿ ತಿರುಗಿ ನೋಡಿತು. "ಎವಾರಿಸ್ತೊ ತಾತ! ಮತ್ತೆ ಸನ್ನೆ ಮಾಡಿದ್ರಾ? ನಿಮಗೆ ಎಷ್ಟು ಸಲ ಹೇಳೋದು?"

ಆಗ ಗೊತ್ತಾಯಿತು. ನಮ್ಮ ಕಡೆ ಗಂಡಸರು ತ್ರೂಕೊ ಎಂಬ ಇಸ್ಪೀಟಾಟ ಆಡುವಾಗ ಜೊತೆಗಾರನಿಗೆ ಮುಖದಲ್ಲೇ ಸುದ್ದಿ ಮುಟ್ಟಿಸುತ್ತಾರೆ. ಈ ಎಲೆ ಇದ್ದರೆ ಹುಬ್ಬು, ಆ ಎಲೆ ಇದ್ದರೆ ತುಟಿ ಕಚ್ಚುವುದು. ಎರಡರ ಎಲೆ ಬಂದರೆ ಮುತ್ತು. ನಮ್ಮಪ್ಪ ಇಸ್ಪೀಟನ್ನು ಹೊಸ್ತಿಲು ದಾಟಿಸಿದವನಲ್ಲ. ನನಗೆ ಹೇಗೆ ತಿಳಿಯಬೇಕು? ಎವಾರಿಸ್ತೊ ಬಂದರಿನಲ್ಲಿ ಹಡಗು ಎಳೆಯುವ ಟಗ್ ದೋಣಿಗಳಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಅವನ ತ್ರೂಕೊ ಗೆಳೆಯರು ಒಬ್ಬೊಬ್ಬರಾಗಿ ಸ್ಮಶಾನ ಸೇರಿದ್ದರು. ಎಲೆ ಹಿಡಿಯುವ ಜನ ಎಲ್ಲಿದ್ದರೆ ಅಲ್ಲಿಗೆ ಎಂದು ಈ ದೆವ್ವದ ಮೇಜಿಗೆ ಬಂದಿದ್ದ.

ಕಿವಿಯವರೆಗೂ ಕೆಂಪಾಗಿದ್ದ. "ತಪ್ಪು ತಿಳೀಬೇಡಿ ಅಮ್ಮಾ. ಕೈಯಲ್ಲಿ ಒಳ್ಳೆ ಎಲೆ ಇದೆ ಅಂತ ಹೇಳೋಕೆ..."

"ನಾನು ಮುತ್ತು ಅಂದ್ಕೊಂಡೆ."

"ಅಂದ್ಕೊಂಡೂ ಎದ್ದು ಹೋಗ್ಲಿಲ್ಲವಲ್ಲ!"

"ಕಾಲು ನೋಯ್ತಿತ್ತು."

ಮುಂದಿನ ಶನಿವಾರವೂ ಹೋದೆ. ಕಾಲು ನೋಯುತ್ತಿರಲಿಲ್ಲ.

ಆಟದ ಹೆಸರು 'ಒದ್ದೆ ಮನೆ'. ಸಮುದ್ರದ ದಂಡೆಯ ಮೇಲೆ ಪಾಳುಬಿದ್ದ ಒಂದು ದೊಡ್ಡ ಮನೆ. ನೆಲಮಾಳಿಗೆಯಿಂದ ಅಟ್ಟದವರೆಗೆ ಕೋಣೆ ಕೋಣೆ ಹೊಕ್ಕು ದೀಪ ಹುಡುಕಬೇಕು. ಬಾಗಿಲು ತೆರೆದಾಗ ಏನಾದರೊಂದು ಎದುರು ನಿಲ್ಲುತ್ತದೆ. ಆಗ ಕರಿ ಮಣಿ ತೆಗೆದುಕೊಳ್ಳಬೇಕು. ಒಂದು ಮಣಿ ಎಂದರೆ ಒಂದು ಭಯ. ಮಣಿ ಹೆಚ್ಚಾದರೆ ಬುದ್ಧಿ ಕೆಟ್ಟು ಆಟದಿಂದ ಹೊರಗೆ.

ನನ್ನ ಹತ್ತಿರ 'ಹಳೇ ಪ್ರಾರ್ಥನೆ' ಎಂಬ ಎಲೆಯೊಂದು ಇರುತ್ತಿತ್ತು. ಅದರ ಮೇಲೆ ಹೀಗೆ ಬರೆದಿತ್ತು: 'ನಿನ್ನ ಮೇಲೆ ಭಯ ಬಿದ್ದಾಗ, ನಿನ್ನ ಜಾಗದಲ್ಲಿ ಇನ್ನೊಬ್ಬ ಆಟಗಾರ ಅದನ್ನು ಹೊರಬಹುದು.' ಎವಾರಿಸ್ತೊನ ಹತ್ತಿರ 'ಗಟ್ಟಿ ಹೊಟ್ಟೆ'. ಹೊತ್ತ ಪ್ರತಿ ಭಯಕ್ಕೂ ಒಂದು ಹೊಸ ಎಲೆ ಎಳೆದುಕೊಂಡು, ಆ ಮಣಿಯನ್ನು ಚೀಲಕ್ಕೆ ಹಾಕಬಹುದು. ಎರಡನ್ನೂ ಕೂಡಿಸಿದರೆ ಗಿರಣಿಯ ಹಾಗೆ ಓಡುತ್ತಿತ್ತು. ನಾನು ನೆಲಮಾಳಿಗೆಯಲ್ಲಿ ಬಾಗಿಲ ಮೇಲೆ ಬಾಗಿಲು ತೆರೆಯುವುದು, ಅವನು ಅಟ್ಟದಲ್ಲಿ ಕೂತು ನನ್ನ ಭಯವನ್ನೆಲ್ಲ ನುಂಗುತ್ತ ಎಲೆ ಎಳೆಯುವುದು. ದೀಪ ಬೇಗನೆ ಸಿಗುತ್ತಿತ್ತು. ಅಂಗಡಿಯಲ್ಲಿ ನಮ್ಮನ್ನು ಮೀರಿಸುವವರಿರಲಿಲ್ಲ.

"ಕೊಡಿ ಇಲ್ಲಿ," ಎಂದು ಅಂಗೈ ಚಾಚುತ್ತಿದ್ದ. ನಾನು ಮಣಿ ಹಾಕುತ್ತಿದ್ದೆ. ಅವನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದ, ನಾನು ಅದರಲ್ಲಿ ಏನೋ ಬರೆದು ಕಳಿಸಿದ್ದೇನೆ ಎನ್ನುವ ಹಾಗೆ. ನೋಡಿ, ಕಣ್ಣೆತ್ತಿ, ನಾನು ನೋಡುತ್ತಿದ್ದೇನೆಂದು ಗೊತ್ತಾದ ಕೂಡಲೇ ಬಾಗಿಲ ಕಡೆ ನೋಡುತ್ತಿದ್ದ.

"ತಾತ, ಅದು ಮಣಿ. ದ್ರಾಕ್ಷಿ ಅಲ್ಲ," ಅನ್ನುತ್ತಿದ್ದಳು ರೊಮಿನಾ.

"ನಿನಗೇನು ಗೊತ್ತು ಸುಮ್ನಿರು."

ಅವನು ವಿನೆಗರಿನಲ್ಲಿ ನೆನೆಸಿದ ಬಂಗುಡೆ ತರುತ್ತಿದ್ದ, ಬ್ರೆಡ್ಡು ತರುತ್ತಿದ್ದ. ದೊಡ್ಡ ತುಂಡನ್ನು ನನ್ನ ಕಡೆ ಸರಿಸುತ್ತಿದ್ದ. 'ನೀವು' ಎನ್ನುವುದು ಯಾವಾಗಲೋ 'ನೀನು' ಆಯಿತು. ಇದೆಲ್ಲ ನನ್ನ ಕಣ್ಣಿಗೆ ಬೀಳುತ್ತಿತ್ತು. ಕಿಟಕಿಯ ಗಾಜಿನಾಚೆ ಯಾರೋ ನಡೆದುಹೋದ ಹಾಗೆ ಬೀಳುತ್ತಿತ್ತು.

ವಸಂತದಲ್ಲಿ ಒಂದು ದಿನ, ಅಂಗಡಿಯಿಂದ ಹೊರಗೆ ಬಂದಾಗ, ಸಮುದ್ರದ ಗಾಳಿಗೆ ಟೋಪಿ ಹಿಡಿದುಕೊಂಡು ಹೇಳಿದ.

"ಒತೀಲಿಯಾ, ಸುತ್ತಿ ಬಳಸಿ ಹೇಳೋ ವಯಸ್ಸಲ್ಲ ನನ್ನದು. ಮಗಳು ದೂರದ ಸಾಲ್ತಾದಲ್ಲಿದ್ದಾಳೆ, ಬಂದುಬಿಡಪ್ಪ ಅಂತಿದಾಳೆ. ಇಲ್ಲಿ ನನಗೆ ಉಳಿದಿರೋದು ಶನಿವಾರ ಒಂದೇ. ಶನಿವಾರ ಅಂದ್ರೆ ನೀನು. ನೀನು ಇರು ಅಂದ್ರೆ ಇರ್ತೀನಿ."

ನಾನು ಅವನ ಮುಖ ನೋಡಿದೆ. ಒಳ್ಳೆಯ ಮುಖ. ಎದೆಯಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ.

"ನನಗೆ ಏನೂ ಅನ್ಸಲ್ಲ ಎವಾರಿಸ್ತೊ. ನಿನ್ನ ಬಗ್ಗೆ ಅಂತಲ್ಲ. ಯಾವುದರ ಬಗ್ಗೆನೂ."

"ಭಾನುವಾರ ಬಂದು ಅಡುಗೆ ಮಾಡಿಕೊಡ್ತೀನಿ. ಬೇರೇನೂ ಬೇಡ."

"ನಮ್ಮ ಅಡುಗೆಮನೆ ಮೇಜಿಗೆ ಎರಡೇ ಕುರ್ಚಿ. ಒಂದು ಅಕ್ಕನ ಜಾಗ. ಅಲ್ಲಿ ಇನ್ನೊಬ್ಬರನ್ನ ಕೂರಿಸೋಕೆ ನನ್ನಿಂದಾಗಲ್ಲ."

ಅವನು ತಲೆಯಾಡಿಸಿದ. ಸಿಟ್ಟಾಗಲಿಲ್ಲ. "ಸರಿ," ಅಂದ. "ಹಾಗಾದ್ರೆ ಮಗಳಿಗೆ ಬರ್ತೀನಿ ಅಂತ ಹೇಳ್ತೀನಿ." ಗಾಳಿಗೆ ಬೆನ್ನು ಕೊಟ್ಟು ಹೊರಟುಹೋದ. ನಾನು ಮನೆಗೆ ಬಂದು ಬಟ್ಟೆ ಮಡಚಿದೆ.

ಅದರ ಮುಂದಿನ ಶನಿವಾರ ರೊಮಿನಾ ಮೇಜು ಬಡಿದು ಎಲ್ಲರನ್ನೂ ಸುಮ್ಮನಾಗಿಸಿದಳು. ಯಾರೋ ನಮ್ಮ ಜೋಡಿ ಎಲೆಗಳ ಮೇಲೆ ತಕರಾರು ತೆಗೆದಿದ್ದರಂತೆ; ಅವಳು ಆಟ ತಯಾರಿಸಿದವರನ್ನೇ ಕೇಳಿದ್ದಳಂತೆ.

"ಉತ್ತರ ಬಂತು. 'ನಿನ್ನ ಜಾಗದಲ್ಲಿ' ಅಂದ್ರೆ ನಿನ್ನ ಬದಲಿಗೆ ಅಂತಲ್ಲ. ನೀನು ನಿಂತಿರೋ ಕೋಣೆಯಲ್ಲಿ ಅಂತ."

"ಅದು ಹೇಗೆ?" ಅಂದೆ. "ಅಕ್ಕ ನನ್ನ ಜಾಗದಲ್ಲಿ ಕೆಲಸಕ್ಕೆ ಹೋದಳು ಅಂದ್ರೆ ನಾನು ಹೋಗ್ಲಿಲ್ಲ ಅಂತ ತಾನೆ ಅರ್ಥ?"

"ಶೆಡ್ಡಿನಲ್ಲಿ ಹಾಗೆ ದೊನ್ಯಾ. ಒದ್ದೆ ಮನೆಯಲ್ಲಿ ಹೀಗೆ. ನೀವು ನೆಲಮಾಳಿಗೆಯಲ್ಲಿ, ತಾತ ಅಟ್ಟದಲ್ಲಿ. ಅಷ್ಟು ದೂರ ಕೂತು ನಿಮ್ಮ ಭಯ ಅವರು ಹೊರೋ ಹಾಗಿಲ್ಲ. ನೀವಿರೋ ಕೋಣೆಗೆ ಅವರೂ ಬಂದಿರಬೇಕು."

"ಹಾಗಾದ್ರೆ ಇಷ್ಟು ದಿನ ನಾವು ಗೆದ್ದಿದ್ದು?"

"ತಪ್ಪಾಟ."

ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. "ಅಟ್ಟದ ಮಹಾರಾಜ ಕೆಳಗಿಳೀಲಿ!" ಎಂದು ಒಬ್ಬ ಕೂಗಿದ. ಎವಾರಿಸ್ತೊ ಅವರ ಕಡೆ ನೋಡಲೂ ಇಲ್ಲ. ಎಲೆಯನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ಓದುತ್ತಿದ್ದ.

ಆಟ ಶುರುವಾಯಿತು. ನಾನು ರೂಢಿಯಂತೆ ನೆಲಮಾಳಿಗೆಗೆ ಹೋದೆ, ಅವನು ಅಟ್ಟಕ್ಕೆ. ಒಳಕೋಣೆಯ ಬಾಗಿಲು ತೆರೆದಾಗ ನೀರು ಸೋರುವ ಹೆಂಗಸು ಎದ್ದು ನಿಂತಳು. ನನ್ನ ಮುಂದೆ ಮಣಿಗಳು ಬಿದ್ದವು. ಈಗ ಯಾರೂ ಅಂಗೈ ಚಾಚುವಂತಿರಲಿಲ್ಲ. ಮಣಿಗಳು ಅಲ್ಲೇ ಕೂತವು.

ಅವನ ಸರದಿ ಬಂತು. ಆಟದ ಹಲಗೆಯ ಮೇಲಿದ್ದ ತನ್ನ ಪುಟ್ಟ ಗೊಂಬೆಯನ್ನು ಎತ್ತಿ ಅಟ್ಟದ ಮೆಟ್ಟಿಲ ಮೇಲಿಟ್ಟ.

"ತಾತ, ದೀಪ ಅಲ್ಲೇ ಮೇಲೆ ಎಲ್ಲೋ ಇದೆ," ಅಂದಳು ರೊಮಿನಾ. "ಕೆಳಗೆ ಬರೋದ್ರೊಳಗೆ ನಿಮ್ಮ ಸರದಿ ಎಲ್ಲಾ ಖಾಲಿ. ಆಟ ಸೋಲ್ತೀವಿ."

"ಸೋಲೋಣ."

"ಒಬ್ಬರೇ ಸೋಲಲ್ಲ, ನಾನೂ ಸೋಲ್ತೀನಿ!"

"ನೀನಿನ್ನೂ ಚಿಕ್ಕವಳು. ಸೋಲೋಕೆ ಅಭ್ಯಾಸ ಆಗುತ್ತೆ."

ಮೆಟ್ಟಿಲು, ಪಡಸಾಲೆ, ಅಡುಗೆಮನೆ. ಒಂದೊಂದು ಕೋಣೆಯಲ್ಲೂ ಏನೋ ಒಂದು ಅವನನ್ನು ಹಿಡಿದುಕೊಳ್ಳುತ್ತಿತ್ತು, ಅವನು ಬಿಡಿಸಿಕೊಂಡು ಬರುತ್ತಿದ್ದ. ನನ್ನ ಕೋಣೆಗೆ ಬಂದು ಮುಟ್ಟುವಷ್ಟರಲ್ಲಿ ಅವನ ಕೈಯಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ. ತನ್ನ ಗೊಂಬೆಯನ್ನು ನನ್ನದರ ಪಕ್ಕಕ್ಕೆ ತಂದು ನಿಲ್ಲಿಸಿದ. ಕೊಂಚ ಓರೆಯಾಗಿ ನಿಂತಿತ್ತು, ಬೆರಳಿನಿಂದ ಸರಿಮಾಡಿದ.

ಆ ಸುತ್ತಿಗೇ ನಾವು ಸೋತೆವು. ನೀರಿನ ಹೆಂಗಸು ಮನೆಯನ್ನೆಲ್ಲ ತುಂಬಿಕೊಂಡಳು.

ರೊಮಿನಾ ಗೊಣಗುತ್ತ ಬೇರೆ ಗಿರಾಕಿಗಳ ಕಡೆ ಹೋದಳು. ನಾವಿಬ್ಬರೂ ಎಲೆಗಳನ್ನು ಒಟ್ಟು ಮಾಡುತ್ತ ಕೂತೆವು. ಭಾನುವಾರದ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಎತ್ತಿದ್ದರೆ ನಾನು ಇಲ್ಲ ಅನ್ನುತ್ತಿದ್ದೆನೇನೋ.

"ಎವಾರಿಸ್ತೊ."

"ಹೇಳು."

"ನಮ್ಮ ಮನೆಗೆ ಬರ್ತೀನಿ ಅಂದೆಯಲ್ಲ, ಯಾವ ಅರ್ಥದಲ್ಲಿ ಬರ್ತೀಯ?"

ಅವನಿಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ಎಲೆಗಳನ್ನು ಮೇಜಿನ ಮೇಲಿಟ್ಟ.

"ಕೋಣೆ ಅನ್ನೋ ಅರ್ಥದಲ್ಲಿ," ಅಂದ. "ನಿನ್ನಕ್ಕನ ಬದಲಿಗೆ ಬರೋಕೆ ನಾನ್ಯಾರು? ನನಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ."

"ಕುರ್ಚಿ ಇಲ್ಲ."

"ನನ್ನ ಹತ್ತಿರ ಟಗ್ಗಿನ ಸ್ಟೂಲಿದೆ."

ಭಾನುವಾರ ಬೆಳಿಗ್ಗೆ ಸ್ಟೂಲು ಹೊತ್ತುಕೊಂಡೇ ಬಂದ. ಬೀದಿಯವರೆಲ್ಲ ನೋಡಿದರು. ಎದುರುಮನೆಯಾಕೆ, "ಏನ್ರೀ, ಪೀಠ ಸಮೇತ ಮದುವಣಿಗ!" ಅಂದಳಂತೆ, ಅವನು ಟೋಪಿ ಎತ್ತಿ ಸಲಾಮು ಮಾಡಿದನಂತೆ. ಒಳಗೆ ಬಂದವನು ಅಕ್ಕನ ಕುರ್ಚಿಯನ್ನು ಮುಟ್ಟಲಿಲ್ಲ, ಸರಿಸಲಿಲ್ಲ, ಅದರ ಬೆನ್ನಿಗೆ ಕೋಟು ಕೂಡ ತೂಗುಹಾಕಲಿಲ್ಲ. ಮೇಜಿನ ಮೂರನೇ ಬದಿಗೆ, ಒಲೆಯ ಹತ್ತಿರ, ಸ್ಟೂಲಿಟ್ಟ.

ಬೇಳೆಯ ಹುಳಿಗೆ ಈರುಳ್ಳಿ ಹೆಚ್ಚುತ್ತ ಟಗ್ಗಿನ ಕತೆ ಹೇಳುತ್ತಿದ್ದ. ನಡುವೆ ಕೆಮ್ಮು ಬಂತು. ಹೊಗೆಯೋ, ಮೆಣಸಿನ ಘಾಟೋ. ಬಗ್ಗಿ ಮೇಜು ಹಿಡಿದುಕೊಂಡು ಕೆಮ್ಮಿದ, ಬಿಡದೆ ಕೆಮ್ಮಿದ.

ನನ್ನ ಕೈಯಲ್ಲಿದ್ದ ತಟ್ಟೆ ಬಿತ್ತು. ಒಡೆಯಿತು.

"ಏನಾಯ್ತು?" ಅಂದ, ಕಣ್ಣೊರೆಸಿಕೊಳ್ಳುತ್ತ.

ನಾನು ಗೋಡೆಗೆ ಒರಗಿ ನಿಂತಿದ್ದೆ. ಎದೆ ಹೊಡೆದುಕೊಳ್ಳುತ್ತಿತ್ತು. ಆ ಸದ್ದು ನನಗೇ ಅಪರಿಚಿತವಾಗಿತ್ತು.

"ಭಯ ಆಯ್ತು," ಅಂದೆ.

"ಕೆಮ್ಮಿದ್ದಕ್ಕಾ?"

"ನೀನೂ ಹೋಗಿಬಿಡ್ತೀಯ ಅಂತ."

ಅವನು ತಮಾಷೆ ಮಾಡಲಿಲ್ಲ. ಒಡೆದ ಚೂರುಗಳನ್ನು ದಾಟಿ ಬಂದು ನನ್ನ ಪಕ್ಕದಲ್ಲಿ, ಅದೇ ಗೋಡೆಗೆ ಒರಗಿ ನಿಂತ.

"ಒಂದಿನ ಹೋಗ್ತೀನಿ ಒತೀಲಿಯಾ. ಸುಳ್ಳು ಹೇಳಲ್ಲ. ಆದ್ರೆ ಸಾಲ್ತಾಗಂತೂ ಅಲ್ಲ."

"ಮಗಳಿಗೆ ಹೇಳಿದೆಯಾ?"

"ಊಟ ಆದ್ಮೇಲೆ ಹೇಳ್ತೀನಿ. ಹೊಟ್ಟೆ ಹಸಿದಾಗ ಅವಳ ಬೈಗುಳ ತಡೆಯೋಕಾಗಲ್ಲ."

ಹಾಗೇ ನಿಂತೆವು, ಒಲೆಯ ಮೇಲಿನ ಪಾತ್ರೆ ಉಕ್ಕುವವರೆಗೆ. ಆಮೇಲೆ ಅವನು ಓಡಿ ಹೋಗಿ ಉರಿ ಸಣ್ಣಗೆ ಮಾಡಿದ, ನಾನು ಚೂರು ಗುಡಿಸಿದೆ.

ಬಡಿಸಿಕೊಟ್ಟ. ನಾನು ಒಂದು ಚಮಚ ಬಾಯಿಗಿಟ್ಟೆ. ಅವನು ತನ್ನ ತಟ್ಟೆ ಮುಟ್ಟದೆ ನನ್ನ ಮುಖವನ್ನೇ ನೋಡುತ್ತಿದ್ದ.

"ಉಪ್ಪು ಜಾಸ್ತಿಯಾಗಿದೆ," ಅಂದೆ.

ಅಷ್ಟು ಹೇಳಿ ನಾನೇ ಚಮಚ ಕೆಳಗಿಟ್ಟೆ. ಅಕ್ಕ ಹೋದ ಮೇಲೆ ಹೊಟ್ಟೆಗೆ ಏನು ಹೋಗುತ್ತಿತ್ತೋ ನನಗೆ ನೆನಪಿಲ್ಲ. ಅದರಲ್ಲಿ ಹೆಚ್ಚು ಕಡಿಮೆ ಎಂದು ಗೊತ್ತಾದದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂತು. ಬರಲಿ ಎಂದು ಬಿಟ್ಟೆ.

"ಇಡೀ ಆಯಸ್ಸು ಟಗ್ಗಿನಲ್ಲಿ ಅಡುಗೆ ಮಾಡಿದೆ," ಅಂದ ಎವಾರಿಸ್ತೊ, ಮೆಲ್ಲಗೆ. "ಒಬ್ಬರೂ ಹಾಗಂದಿಲ್ಲ."

"ಅವರ ಬಾಯಲ್ಲಿ ಮೊದಲೇ ಸಮುದ್ರ ಇತ್ತು."

"ನೀರು ಬೆರೆಸ್ಲಾ?"

"ಬೇಡ ಬಿಡು." ಮೂಗೊರೆಸಿಕೊಂಡು ಮತ್ತೆ ಚಮಚ ಎತ್ತಿದೆ. "ಮುಂದಿನ ಭಾನುವಾರ ಕಡಿಮೆ ಹಾಕು."