ಮೂವತ್ತೊಂದು ಬರಹ, ಒಂದು ದಾಳ

ಸದ್ಯ, ಆಗಸ್ಟ್ ಮುಗಿದಿತ್ತು. ಸೆಪ್ಟೆಂಬರ್ ಒಂದರ ಬೆಳಿಗ್ಗೆ ಟ್ರೂರೋ ಊರಿನ ಪಬ್ಬಿನ ಮಹಡಿಯಲ್ಲಿ ಟ್ಯಾಮ್ಸಿನ್ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಇನ್ಯಾರೋ ಆಗಿ ಆಡುವ ಕಥೆಯಾಟದ ಬಗ್ಗೆ ತಿಂಗಳಿಡೀ ದಿನಕ್ಕೊಂದು ಪ್ರಶ್ನೆ, ದಿನಕ್ಕೊಂದು ಬ್ಲಾಗ್ ಬರಹ. ಕೊನೆಗೆ, ಈ ಸವಾಲಿನಿಂದ ಏನು ಕಲಿತಿರಿ ಎಂದು ಒಂದು ಸಿಂಹಾವಲೋಕನ ಬೇರೆ.

ಸವಾಲಂತೆ ಸವಾಲು! ನಿಮ್ಮ ಮೆಚ್ಚಿನ ದಾಳದ ಬಣ್ಣ ಯಾವುದು ಎಂಬುದಕ್ಕೆ ಉತ್ತರಿಸಲು ಯಾವ ವೀರಾಧಿವೀರ ಬೇಕು? ಬರೆಯುವವರು ನೂರು ಜನ. ಓದುವವರೂ ಅದೇ ನೂರು ಜನ, ಅದೂ ತಮ್ಮನ್ನು ಯಾರಾದರೂ ಹೊಗಳಿದರೇ ಎಂದು ನೋಡಲು.

ಅವಳೇನು ಕಡಿಮೆಯೇ? ಪ್ರಶ್ನೆಗಳ ಪಟ್ಟಿ ಮೊದಲೇ ಸಿಕ್ಕಿದ್ದರಿಂದ ಮೂವತ್ತೊಂದನ್ನೂ ಜುಲೈ ಮೊದಲ ವಾರವೇ ಗೀಚಿ, ದಿನಕ್ಕೊಂದರಂತೆ ತಾನಾಗಿ ಪ್ರಕಟವಾಗುವ ಹಾಗೆ ಇಟ್ಟಿದ್ದಳು. ಆರು ವರ್ಷದಿಂದ ಇಲ್ಲಿ ಗುರುವಾರದ ಆಟ ನಡೆಸುವವಳು ಅವಳೇ; ರಾಕ್ಷಸ, ರಾಣಿ, ಸುಂಕದಕಟ್ಟೆಯ ಮುದುಕಿ, ಎಲ್ಲರ ಮಾತೂ ಅವಳ ಬಾಯಲ್ಲೇ. ಬಿದ್ದ ದಾಳವನ್ನು ಇನ್ನೊಮ್ಮೆ ಹಾಕಲು ಗೋಗರೆಯುವವರಿಗೆ ಬೆನ್ನೆಲುಬಿಲ್ಲ ಎಂದು ಎಂಟನೇ ದಿನ ಬರೆದಿದ್ದಳು. ಹನ್ನೆರಡನೇ ದಿನ, ಮೇಜಿನ ದೊಡ್ಡ ಪೀಡೆ ಯಾರು ಎಂಬ ಪ್ರಶ್ನೆ. ಕೇಸರಿ ಬನ್ ತಿಂದ ಬೆಣ್ಣೆಗೈಯಲ್ಲೇ ನಕ್ಷೆ ಮುಟ್ಟುವವನು, ಸುಂಕದ ಮುದುಕಿಯ ಕ್ಷೇಮಸಮಾಚಾರ ಕೇಳುತ್ತ ಆಟ ನಿಲ್ಲಿಸುವ ಪೆದ್ದ, ಎಂದು ಬರೆದಿದ್ದಳು. ಹೆಸರು ಹಾಕಿರಲಿಲ್ಲ. ಹಾಕಬೇಕಾಗಿಯೂ ಇರಲಿಲ್ಲ, ಕೇಸರಿ ಬನ್ ತರುವವನು ಡೆನ್ಜಿಲ್ ಒಬ್ಬನೇ.

ಜುಲೈ ಕೊನೆಯಲ್ಲಿ ಅವಳ ಗಂಟಲು ಕಟ್ಟಿತು. ಅವಳು ಚೀಟಿಯಲ್ಲಿ ಬರೆದದ್ದನ್ನೆಲ್ಲ ಪಕ್ಕದಲ್ಲಿ ಕೂತು ಓದಿ ಆಟ ಉಳಿಸಿದವನು ಅದೇ ಪೆದ್ದ. ಪ್ರತಿ ಚೀಟಿ ಓದುವ ಮುನ್ನ, ಸರಿಯೇ ಎಂಬಂತೆ ಅವಳ ಕಣ್ಣನ್ನೇ ನೋಡುತ್ತಿದ್ದ. ಆ ನೋಟಕ್ಕೆ ಟ್ಯಾಮ್ಸಿನ್ ಸೋತುಹೋದಳು. ಸೋತ ಗುಂಗಿನಲ್ಲಿ ಹನ್ನೆರಡನೇ ಬರಹ ಅಳಿಸುವುದು ಮರೆತಳು. ಅದು ಪ್ರಕಟವಾದ ಮೇಲೆ ಅವನು ಮೂರು ಗುರುವಾರ ಇತ್ತ ತಲೆ ಹಾಕಲಿಲ್ಲ. ಕ್ಷಮೆ ಕೇಳಲು ಇವಳ ಜಂಬ ಬಿಡಲಿಲ್ಲ.

ಸಿಂಹಾವಲೋಕನಕ್ಕೆ ಗೇಲಿಯ ಸರಕು ಬೇಕಿತ್ತು. ಇದೇ ಸವಾಲಿಗೆ ಬರೆದಿದ್ದ ಡೆನ್ಜಿಲ್‌ನ ಬ್ಲಾಗ್ ತೆರೆದಳು. ಇವನದೋ ಜೇನಿನಲ್ಲಿ ಅದ್ದಿ ತೆಗೆದ ಗದ್ಯ! ಮೂಗು ಮುರಿಯುತ್ತ ಮೆಚ್ಚಿನ ಪಾತ್ರದ ಪ್ರಶ್ನೆಗೆ ಬಂದಳು.

‘ಸುಂಕದಕಟ್ಟೆಯ ಮುದುಕಿ. ಅವಳಿಗೆ ಜೀವ ಕೊಡುವ ದನಿ ಇನ್ನೂ ಸ್ವಲ್ಪ ಕೇಳಲಿ ಎಂದು ಸುಮ್ಮನೆ ಕ್ಷೇಮ ವಿಚಾರಿಸುತ್ತೇನೆ.’

ಹನ್ನೆರಡನೇ ದಿನಕ್ಕೆ ಒಂದೇ ಸಾಲಿತ್ತು: ‘ಪೀಡೆ ಬಹುಶಃ ನಾನೇ.’

ಟ್ಯಾಮ್ಸಿನ್‌ಗೆ ತನ್ನ ಮೇಲೇ ಅಸಹ್ಯವಾಯಿತು. ನಿನ್ನ ಬನ್ ಡಬ್ಬ ಇಲ್ಲೇ ಇದೆ, ಬಂದು ತಗೊಂಡು ಹೋಗು ಎಂದು ಮೆಸೇಜ್ ಹಾಕಿದಳು. ಅರ್ಧ ಗಂಟೆಯಲ್ಲಿ ಅವನು ಬಾಗಿಲಲ್ಲಿ ನಿಂತಿದ್ದ.

“ಎಲ್ಲಿ ಡಬ್ಬ?”

“ಒಳಗೆ ಬಾರೋ, ಕಚ್ಚಲ್ಲ.”

“ಬ್ಲಾಗಲ್ಲಿ ಕಚ್ಚಿದ್ದೀಯಲ್ಲ, ಸಾಕು.”

“ಅದು ಗಂಟಲು ಕಟ್ಟೋಕೆ ಮುಂಚೆ ಬರೆದಿದ್ದು ಕಣೋ. ತೆಗೆಯೋದು ಮರೆತೆ. ತಪ್ಪಾಯ್ತು.”

“ಅಂದ್ರೆ ಆಗ ನಾನು ಪೆದ್ದ, ಈಗ ಅಲ್ಲ?”

“ಈಗಲೂ ಪೆದ್ದನೇ. ಮೂರು ವಾರದಿಂದ ಆ ಮುದುಕೀನ ಒಬ್ರೂ ಮಾತಾಡಿಸಿಲ್ಲ.” ಅವಳ ದನಿ ಸಣ್ಣಗಾಯಿತು. “ನೀನು ಬೇಕು ಡೆನ್ಜಿಲ್. ಆಟಕ್ಕೆ ಮಾತ್ರ ಅಲ್ಲ.”

ಅವನ ಕಿವಿ ಕೆಂಪಾಯಿತು. ಜೇಬಿನಿಂದ ಇಪ್ಪತ್ತು ಮುಖದ ಹಸಿರು ದಾಳ ತೆಗೆದು ಅವಳ ಅಂಗೈಲಿಟ್ಟ. ಸ್ವಂತ ದಾಳವನ್ನು ಇನ್ನೊಬ್ಬರಿಗೆ ಮುಟ್ಟಲೂ ಬಿಡದ ಜನ ಈ ಆಟದವರು, ಅದೃಷ್ಟ ಹೋಗಿಬಿಡುತ್ತದಂತೆ. ಅವನ ಬೆರಳು ಅವಳ ಅಂಗೈ ಮೇಲೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನಿಂತಿತು.

“ಹತ್ತಕ್ಕಿಂತ ಜಾಸ್ತಿ ಬಿದ್ರೆ ಇರ್ತೀನಿ. ಇಲ್ಲಾಂದ್ರೆ ಡಬ್ಬ ತಗೊಂಡು ಹೊರಟೆ.”

ಅವಳು ಉರುಳಿಸಿದಳು. ಒಂದು ಬಿತ್ತು.

ಡೆನ್ಜಿಲ್ ದಾಳ ಎತ್ತಿಕೊಂಡು ಡಬ್ಬಕ್ಕೆ ಕೈ ಚಾಚಿದ.

“ಇನ್ನೊಂದು ಸಲ ಹಾಕ್ತೀನಿ,” ಎಂದಳು ಟ್ಯಾಮ್ಸಿನ್.

“ಎಂಟನೇ ದಿನ ಏನೋ ಬರೆದಿದ್ದೆ ನೀನು. ಬೆನ್ನೆಲುಬು ಅಂತ...”

“ನನಗಿಲ್ಲ ಮಾರಾಯ, ಬೆನ್ನೆಲುಬೂ ಇಲ್ಲ, ಮಾನವೂ ಇಲ್ಲ. ದಾಳ ಕೊಡು!”

ಅವನು ಕೊಡಲಿಲ್ಲ. ದಾಳವನ್ನು ಜೇಬಿಗಿಳಿಸಿ, ಖಾಲಿ ಡಬ್ಬವನ್ನು ಇದ್ದಲ್ಲೇ ಬಿಟ್ಟು, ಅವಳ ಪಕ್ಕದ ಕುರ್ಚಿ ಎಳೆದು ಕೂತ.

ಸಿಂಹಾವಲೋಕನ ಇವತ್ತಿಗೂ ಪ್ರಕಟವಾಗಿಲ್ಲ. ಆ ನೂರು ಜನರಲ್ಲಿ ಒಬ್ಬರೂ ಕೇಳಿಲ್ಲ.